ಎಂಜಿನಿಗೊಂದು ಕಡಿವಾಣ

ಹೊಲದ ಬಾವಿಯ ಬಳಿ ಬೆಲ್ಟಿನ ಮೂಲಕ ಪಂಪನ್ನು ನಡೆಸುವ ಎಂಜಿನನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಬೆಲ್ಟು ಅಕಸ್ಮಾತ್ತಾಗಿ ಜಾರಿಬಿದ್ದರೆ, ಅದುವರೆಗೆ ಒಂದೇ ಸಮನೆ ಸದ್ದು ಮಾಡುತ್ತಿದ್ದ ಎಂಜಿನು ಒಮ್ಮೆಲೇ ಭೋರೆಂದು ದನಿಯೇರಿಸುವುದು. ಆದರೆ ಎರಡು ಮೂರು ಕ್ಷಣಗಳಲ್ಲಿಯೇ ಮತ್ತೆ ಹಿಡಿತಕ್ಕೆ ಬಂದು, ಮೊದಲಿನಂತೆಯೇ ಓಡತೊಡಗುವುದು. ಯಾರೂ ಅದರ ಬಳಿಗೆ ಹೋಗಿ ಎಣ್ಣೆಯನ್ನು ತಗ್ಗಿಸಲಿಲ್ಲ. ಯಾರೂ ಅದನ್ನು ತಡೆಯಲಿಲ್ಲ. ಎಂಜಿನಿನೊಳಗೇ ಕುಳಿತ ಒಂದು ಪುಟ್ಟ ಸಾಧನ ಆ ಕೆಲಸವನ್ನು ಮಾಡಿತು. ಅದರ ಹೆಸರು ಗವರ್ನರು.

ಪಂಪಿನ ಎಂಜಿನಿಗೆ ಬೆಲ್ಟು ಜಾರುವುದು ಎಂದೋ ಒಮ್ಮೆ ಆಗುವ ಸಂಗತಿ. ಆದರೆ ರಸ್ತೆಯೇ ಇಲ್ಲದ ನೆಲದಲ್ಲಿ ಓಡುವ ಚಿಕ್ಕ ವಾಹನವೊಂದನ್ನು ಊಹಿಸಿಕೊಳ್ಳೋಣ. ಅದು ಬದುವನ್ನು ಏರಿ ಆಚೆಗೆ ಹಾರಿದಾಗ ಹಿಂದಿನ ಚಕ್ರಗಳು ಅರೆಕ್ಷಣ ಗಾಳಿಯಲ್ಲಿರುತ್ತವೆ. ಕೆಸರಿನಲ್ಲಿ ಸಿಕ್ಕಿದಾಗ ಚಕ್ರಗಳು ನೆಲವನ್ನು ಹಿಡಿಯದೆ ಬರಿದೆ ಸುತ್ತುತ್ತವೆ. ಮರಳಿನಲ್ಲಿ ಎಳೆತ ಹೆಚ್ಚುತ್ತದೆ, ಬಂಡೆಯ ಮೇಲೆ ಇಳಿಯುತ್ತದೆ. ಹೀಗೆ ಎಂಜಿನು ಹೊತ್ತ ಹೊರೆಯು ಕ್ಷಣಕ್ಷಣಕ್ಕೂ ಬದಲಾಗುತ್ತಿರುವಾಗ ಅದರ ವೇಗವು ಮಿತಿಮೀರುವ ಸಂದರ್ಭಗಳು ಹೆಜ್ಜೆಹೆಜ್ಜೆಗೂ ಒದಗುತ್ತವೆ. ಅತಿವೇಗದಿಂದ ಎಂಜಿನಿಗೆ ಏನಾಗುವುದು, ಅದನ್ನು ತಡೆಯುವ ಉಪಾಯಗಳಾವುವು, ಆ ಉಪಾಯಗಳು ಎಲ್ಲಿಯವರೆಗೆ ನಮ್ಮನ್ನು ಕಾಯಬಲ್ಲವು ಎಂಬುದನ್ನು ಈಗ ವಿಚಾರಿಸೋಣ.

ವರ್ಗದ ಲೆಕ್ಕ

ಎಂಜಿನು ಎರಡರಷ್ಟು ವೇಗವಾಗಿ ಸುತ್ತಿದರೆ ಅದರ ಭಾಗಗಳಿಗೆ ಎರಡರಷ್ಟು ಶ್ರಮವಾಗುವುದೆಂದು ಮೇಲ್ನೋಟಕ್ಕೆ ತೋರಬಹುದು. ನಿಜಸ್ಥಿತಿ ಹಾಗಿಲ್ಲ.

ಒಂದೇ ಸಿಲಿಂಡರಿನ ಸಣ್ಣ ಪೆಟ್ರೋಲ್ ಎಂಜಿನೊಂದನ್ನು ತೆಗೆದುಕೊಳ್ಳೋಣ. ಅದರ ಪಿಸ್ಟನ್ನು ಮೇಲಿನ ತುದಿಯಿಂದ ಕೆಳಗಿನ ತುದಿಗೆ ೬೨ ಮಿಲಿಮೀಟರ್ ಚಲಿಸಲಿ. ಎಂಜಿನು ನಿಮಿಷಕ್ಕೆ ೩೬೦೦ ಸುತ್ತು, ಅಂದರೆ ಸೆಕೆಂಡಿಗೆ ೬೦ ಸುತ್ತು ಸುತ್ತುತ್ತಿರಲಿ. ಪ್ರತಿಯೊಂದು ಸುತ್ತಿನಲ್ಲಿಯೂ ಪಿಸ್ಟನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಸಂಪೂರ್ಣವಾಗಿ ನಿಂತು, ದಿಕ್ಕನ್ನು ಬದಲಿಸಿ ಮರಳಬೇಕು. ಎಂದರೆ ಸೆಕೆಂಡೊಂದಕ್ಕೆ ೧೨೦ ಸಲ ಅದು ನಿಂತು ಹೊರಡುತ್ತದೆ! ಓಡುವ ಬಸ್ಸು ಗಕ್ಕನೆ ನಿಂತಾಗ ನಾವು ಮುಂದಕ್ಕೆ ಮುಗ್ಗರಿಸುವಂತೆ, ಮೇಲಕ್ಕೆ ಧಾವಿಸುತ್ತಿದ್ದ ಪಿಸ್ಟನ್ನು ತುದಿಯನ್ನು ಮುಟ್ಟಿದಾಗ ಇನ್ನೂ ಮೇಲಕ್ಕೆ ಹಾರಿಹೋಗಲು ತವಕಿಸುತ್ತದೆ. ಅದನ್ನು ಹಿಡಿದು ಕೆಳಕ್ಕೆ ಎಳೆಯುವ ಹೊಣೆ ಕನೆಕ್ಟಿಂಗ್ ರಾಡಿನದು.

ಈ ಎಳೆತವೆಷ್ಟು? ಪಿಸ್ಟನ್ನೂ ಅದರೊಡನೆ ಚಲಿಸುವ ಭಾಗಗಳೂ ಸೇರಿ ೩೦೦ ಗ್ರಾಂ ತೂಗುವುವೆಂದು ಭಾವಿಸಿ ಲೆಕ್ಕ ಮಾಡಿದರೆ, ಮೇಲಿನ ತುದಿಯಲ್ಲಿ ರಾಡನ್ನು ಜಗ್ಗುವ ಬಲ ಸುಮಾರು ೧೭೦ ಕಿಲೋಗ್ರಾಂ ಭಾರಕ್ಕೆ ಸಮನಾಗುತ್ತದೆ. ಅಂಗೈಯಲ್ಲಿ ಹಿಡಿಯಬಹುದಾದ ಲೋಹದ ತುಂಡೊಂದು ತನ್ನ ತೂಕದ ಐನೂರು ಮಡಿಗೂ ಮಿಕ್ಕ ಬಲದಿಂದ ಜಗ್ಗುವುದೆಂದರೆ ಸಾಮಾನ್ಯವೆ? ಆದರೂ ಎಂಜಿನನ್ನು ನಿರ್ಮಿಸಿದವರು ಇಷ್ಟನ್ನು ಮೊದಲೇ ಎಣಿಸಿ ರಾಡನ್ನು ರೂಪಿಸಿರುತ್ತಾರೆ.

ಈಗ ವೇಗವನ್ನು ಹೆಚ್ಚಿಸೋಣ. ಈ ಬಲವು ವೇಗದ ವರ್ಗಕ್ಕನುಸಾರವಾಗಿ ಬೆಳೆಯುತ್ತದೆ. ಸುತ್ತುಗಳು ಒಂದೂವರೆ ಪಟ್ಟಾಗಿ ೫೪೦೦ಕ್ಕೆ ಏರಿದರೆ ಬಲವು ಎರಡೂಕಾಲು ಪಟ್ಟಾಗಿ ೩೮೦ ಕಿಲೋಗ್ರಾಮನ್ನು ಮೀರುತ್ತದೆ. ಸುತ್ತುಗಳು ಇಮ್ಮಡಿಯಾಗಿ ೭೨೦೦ ಆದರೆ ಬಲವು ನಾಲ್ಮಡಿಯಾಗುತ್ತದೆ. ಸುಮಾರು ಏಳು ಕ್ವಿಂಟಲ್ ಭಾರವು ಸೆಕೆಂಡಿಗೆ ನೂರಿಪ್ಪತ್ತು ಸಲ ಆ ರಾಡನ್ನು ಜಗ್ಗಿದಂತಾಗುತ್ತದೆ. ಅನೇಕ ಸಣ್ಣ ಎಂಜಿನುಗಳಲ್ಲಿ ಈ ರಾಡು ಅಲ್ಯುಮಿನಿಯಂ ಮಿಶ್ರಲೋಹದ್ದು. ಬಗ್ಗಿಸಿ ನೆಟ್ಟಗೆ ಮಾಡಿ, ಮತ್ತೆ ಬಗ್ಗಿಸಿದ ತಂತಿ ಹೇಗೆ ದಣಿದು ತುಂಡಾಗುವುದೋ ಹಾಗೆ ಅದೂ ದಣಿಯುತ್ತದೆ. ಮುರಿದ ರಾಡಿನ ತುಂಡನ್ನು ಕ್ರ್ಯಾಂಕು ಬೀಸಿ ಹೊಡೆದರೆ ಎಂಜಿನಿನ ಗೋಡೆಯೇ ಒಡೆದು, ಬಿಸಿಯೆಣ್ಣೆ ಹೊರಕ್ಕೆ ಚಿಮ್ಮುತ್ತದೆ.

ಇಲ್ಲೊಂದು ಸ್ವಾರಸ್ಯವಾದ ಸಂಗತಿಯುಂಟು. ನಾಲ್ಕು ಹೊಡೆತದ ಎಂಜಿನಿನಲ್ಲಿ ಪಿಸ್ಟನ್ನು ಮೇಲಿನ ತುದಿಯನ್ನು ಎರಡು ಸಂದರ್ಭಗಳಲ್ಲಿ ಮುಟ್ಟುತ್ತದೆ. ಅನಿಲವನ್ನು ಒತ್ತಿ ಕಿಡಿ ಹಾರಿಸುವಾಗ, ಅನಿಲದ ಒತ್ತಡವೇ ಮೆತ್ತೆಯಂತೆ ಪಿಸ್ಟನ್ನನ್ನು ಎದುರಿಸಿ ನಿಲ್ಲಿಸಲು ನೆರವಾಗುತ್ತದೆ. ಆದರೆ ಹೊಗೆಯನ್ನು ಹೊರದಬ್ಬುವ ಹೊಡೆತದ ಕೊನೆಯಲ್ಲಿ ಕವಾಟವು ತೆರೆದೇ ಇರುವುದರಿಂದ ಎದುರೊತ್ತುವ ಅನಿಲವಿಲ್ಲ. ಇಡೀ ಎಳೆತವನ್ನು ರಾಡೊಂದೇ ತಾಳಬೇಕು. ಆದುದರಿಂದಲೇ ಹೊರೆಯಿಲ್ಲದೆ ಬರಿದೆ ಭೋರ್ಗರೆಯುವ ಎಂಜಿನು, ಭಾರವನ್ನೆಳೆದು ಏದುವ ಎಂಜಿನಿಗಿಂತ ಹೆಚ್ಚಿನ ಅಪಾಯದಲ್ಲಿರಬಹುದು.

ರಾಡಿನಂತೆಯೇ ಕವಾಟಗಳಿಗೂ ಕುತ್ತುಂಟು. ಕವಾಟವನ್ನು ತೆರೆಯುವುದು ಕ್ಯಾಮು; ಮುಚ್ಚುವುದು ಸ್ಪ್ರಿಂಗು. ವೇಗವು ಮಿತಿಮೀರಿದಾಗ ಸ್ಪ್ರಿಂಗು ಕವಾಟವನ್ನು ಹೊತ್ತಿಗೆ ಸರಿಯಾಗಿ ಹಿಂದಕ್ಕೆ ತರಲಾರದು. ಕವಾಟವು ತೇಲಿದಂತೆ ಅರ್ಧ ತೆರೆದೇ ನಿಲ್ಲುತ್ತದೆ. ಕೆಲವು ಎಂಜಿನುಗಳಲ್ಲಿ ಮೇಲೇರಿ ಬರುವ ಪಿಸ್ಟನ್ನು ಅದಕ್ಕೆ ಬಡಿದು ಅದನ್ನು ಬಗ್ಗಿಸಿಬಿಡುತ್ತದೆ.

ಮೂರನೆಯದು ಫ್ಲೈವೀಲು. ಇಪ್ಪತ್ತು ಸೆಂಟಿಮೀಟರ್ ವ್ಯಾಸದ ಚಕ್ರವು ನಿಮಿಷಕ್ಕೆ ೩೬೦೦ ಸುತ್ತು ತಿರುಗುವಾಗ ಅದರ ಅಂಚು ಗಂಟೆಗೆ ಸುಮಾರು ೧೩೫ ಕಿಲೋಮೀಟರ್ ವೇಗದಲ್ಲಿರುತ್ತದೆ. ಅದನ್ನು ಸಿಡಿಸಿ ಚೆಲ್ಲಲೆಳಸುವ ಬಲವೂ ವೇಗದ ವರ್ಗಕ್ಕನುಸಾರಿಯೇ. ಅಂಚನ್ನು ದಪ್ಪ ಮಾಡಿದರೆ ಬಲವಾದೀತೆಂದರೆ ಅದೂ ಆಗದು. ಲೋಹವು ಹೆಚ್ಚಿದಷ್ಟೂ ಹೊರಕ್ಕೆಳೆಯುವ ತೂಕವೂ ಹೆಚ್ಚುತ್ತದೆ! ಎರಕದ ಚಕ್ರದಲ್ಲಿ ಕಣ್ಣಿಗೆ ಕಾಣದ ಬಿರುಕೊಂದಿದ್ದು, ಅತಿವೇಗದಲ್ಲಿ ಅದು ಸಿಡಿದರೆ ಅದರ ಚೂರುಗಳು ಗುಂಡಿನಂತೆ ಹಾರುತ್ತವೆ. ಇಂತಹ ವಾಹನಗಳಲ್ಲಿ ಎಂಜಿನು ಬಹುಮಟ್ಟಿಗೆ ಚಾಲಕನ ಬೆನ್ನ ಹಿಂದೆಯೇ ಇರುವುದನ್ನು ನಾವು ಮರೆಯುವಂತಿಲ್ಲ.

ಗವರ್ನರು ಕೆಲಸ ಮಾಡುವ ಬಗೆ

ಯಂತ್ರವು ತನ್ನ ವೇಗವನ್ನು ತಾನೇ ಅಳೆದು ತಾನೇ ತಿದ್ದಿಕೊಳ್ಳುವ ಉಪಾಯ ಹೊಸದಲ್ಲ. ಹಿಟ್ಟಿನ ಗಿರಣಿಗಳಲ್ಲಿ ಬೀಸುವ ಕಲ್ಲುಗಳ ನಡುವಣ ಅಂತರವನ್ನು ವೇಗಕ್ಕೆ ತಕ್ಕಂತೆ ಹೊಂದಿಸಲು ಸುತ್ತುವ ಗುಂಡುಗಳ ಸಾಧನವೊಂದು ಬಳಕೆಯಲ್ಲಿತ್ತು. ಲಂಡನ್ನಿನ ಆಲ್ಬಿಯನ್ ಗಿರಣಿಯಲ್ಲಿ ಇದನ್ನು ಕಂಡ ಮ್ಯಾಥ್ಯೂ ಬೌಲ್ಟನ್ ತನ್ನ ಪಾಲುಗಾರನಾದ ಜೇಮ್ಸ್ ವಾಟ್‌ನಿಗೆ ಆ ವಿಷಯವನ್ನು ತಿಳಿಸಿದನು. ೧೭೮೮ರಲ್ಲಿ ವಾಟ್ ಅದನ್ನು ಉಗಿಯಂತ್ರಕ್ಕೆ ಅಳವಡಿಸಿದನು. ಯಂತ್ರವು ವೇಗವಾದಂತೆ ಎರಡು ಗುಂಡುಗಳು ಕೇಂದ್ರಾಪಗಾಮಿ ಬಲದಿಂದ ದೂರ ಸರಿದು ಮೇಲೇಳುತ್ತವೆ. ಅವಕ್ಕೆ ಜೋಡಿಸಿದ ಸನ್ನೆಯು ಉಗಿಯ ದಾರಿಯನ್ನು ಕಿರಿದುಮಾಡುತ್ತದೆ. ವೇಗವು ತಗ್ಗಿದರೆ ಗುಂಡುಗಳು ಕೆಳಗಿಳಿದು ದಾರಿಯು ಹಿಗ್ಗುತ್ತದೆ. ಎಷ್ಟು ಸರಳ!

ಇಂದಿನ ಸಣ್ಣ ಪೆಟ್ರೋಲ್ ಎಂಜಿನಿನಲ್ಲಿರುವುದೂ ಇದೇ ತತ್ತ್ವ. ಎಂಜಿನಿನೊಳಗೆ ಹಲ್ಲುಚಕ್ರವೊಂದರ ಮೇಲೆ ಚಿಕ್ಕ ತೂಕಗಳೆರಡನ್ನು ಕೀಲಿನಿಂದ ಕೂರಿಸಿರುತ್ತಾರೆ. ಚಕ್ರವು ವೇಗವಾಗಿ ಸುತ್ತಿದಾಗ ಈ ತೂಕಗಳು ಹೊರಕ್ಕೆ ಬಾಗಿ ಒಂದು ಬಟ್ಟಲನ್ನು ಮುಂದಕ್ಕೆ ದೂಡುತ್ತವೆ. ಬಟ್ಟಲು ಒಂದು ತೋಳನ್ನು ತಿರುಗಿಸುತ್ತದೆ. ತೋಳು ಎಂಜಿನಿನ ಹೊರಗೆ ಬಂದು, ಕಾರ್ಬುರೇಟರಿನ ಥ್ರಾಟಲ್ ತಟ್ಟೆಯನ್ನು ಮುಚ್ಚುವ ಕಡೆಗೆ ತಳ್ಳುತ್ತದೆ. ಇನ್ನೊಂದು ಕಡೆಯಿಂದ ಸ್ಪ್ರಿಂಗೊಂದು ಅದೇ ತೋಳನ್ನು ತೆರೆಯುವ ಕಡೆಗೆ ಎಳೆಯುತ್ತಿರುತ್ತದೆ. ತೂಕಗಳು ಮುಚ್ಚು ಎನ್ನುತ್ತವೆ. ಸ್ಪ್ರಿಂಗು ತೆರೆ ಎನ್ನುತ್ತದೆ. ಇವೆರಡರ ಜಗ್ಗಾಟವು ಸರಿದೂಗುವ ವೇಗದಲ್ಲಿ ಎಂಜಿನು ನೆಲೆನಿಲ್ಲುತ್ತದೆ. ಇನ್ನು ಕೆಲವು ಎಂಜಿನುಗಳಲ್ಲಿ ತೂಕಗಳ ಬದಲು ತೆಳುವಾದ ಹಲಗೆಯೊಂದಿದ್ದು, ಫ್ಲೈವೀಲಿನ ರೆಕ್ಕೆಗಳು ಬೀಸುವ ಗಾಳಿಯೇ ಅದನ್ನು ದೂಡುತ್ತದೆ.

ಇದರಿಂದ ತಿಳಿಯಬೇಕಾದ ಮುಖ್ಯ ವಿಷಯವೊಂದಿದೆ. ಗವರ್ನರಿರುವ ಇಂತಹ ಎಂಜಿನಿನಲ್ಲಿ ವೇಗದ ಸನ್ನೆಯನ್ನು ಸರಿಸಿದಾಗ ನಾವು ಥ್ರಾಟಲನ್ನು ನೇರವಾಗಿ ತೆರೆಯುವುದಿಲ್ಲ; ಸ್ಪ್ರಿಂಗಿನ ಬಿಗಿತವನ್ನು ಮಾತ್ರ ಹೆಚ್ಚಿಸುತ್ತೇವೆ. ಅಂದರೆ "ಇಷ್ಟು ಪೆಟ್ರೋಲ್ ಕೊಡು" ಎಂದು ಕೇಳುವುದಿಲ್ಲ. "ಇಷ್ಟು ವೇಗದಲ್ಲಿರು" ಎಂದು ಕೇಳುತ್ತೇವೆ. ಆ ವೇಗಕ್ಕೆ ಎಷ್ಟು ಪೆಟ್ರೋಲ್ ಬೇಕೆಂಬುದನ್ನು ಗವರ್ನರು ನಿಶ್ಚಯಿಸುತ್ತದೆ. ವಾಹನವು ಏರನ್ನು ಹತ್ತುವಾಗ ವೇಗವು ಕುಂದಿ, ತೂಕಗಳು ಒಳಸರಿದು, ಥ್ರಾಟಲು ತಾನಾಗಿ ತೆರೆಯುತ್ತದೆ. ಚಕ್ರಗಳು ನೆಲ ಬಿಟ್ಟಾಗ ವೇಗವೇರಿ, ತೂಕಗಳು ಹೊರಸರಿದು, ಥ್ರಾಟಲು ತಾನಾಗಿ ಮುಚ್ಚುತ್ತದೆ.

ಇಂತಹ ಎಂಜಿನುಗಳ ಗರಿಷ್ಠ ವೇಗವು ಸಾಮಾನ್ಯವಾಗಿ ೩೬೦೦ರ ಆಸುಪಾಸಿನಲ್ಲಿ ಇರುವುದೇಕೆ ಎಂದು ವಾಚಕರು ಕೇಳಬಹುದು. ಇವು ಪಂಪು, ಹುಲ್ಲು ಕೊಯ್ಯುವ ಯಂತ್ರ, ವಿದ್ಯುಜ್ಜನಕ ಮೊದಲಾದ ಹಲವು ಕೆಲಸಗಳಿಗಾಗಿ ಹುಟ್ಟಿದವು. ಅಮೆರಿಕದಲ್ಲಿ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ ೬೦. ಎರಡು ಧ್ರುವದ ವಿದ್ಯುಜ್ಜನಕವು ಅದನ್ನು ಕೊಡಬೇಕಾದರೆ ನಿಮಿಷಕ್ಕೆ ೩೬೦೦ ಸುತ್ತು ತಿರುಗಬೇಕು. ನಮ್ಮ ದೇಶದಲ್ಲಿ ಆವರ್ತನವು ೫೦ ಆದುದರಿಂದ ಇಲ್ಲಿಯ ಅಂಥ ವಿದ್ಯುಜ್ಜನಕಕ್ಕೆ ೩೦೦೦ ಸುತ್ತು ಸಾಕು.

ಗವರ್ನರಿಗೂ ತನ್ನದೇ ಆದ ಕುಂದುಗಳುಂಟು. ವೇಗವು ಬದಲಾದ ಮೇಲೆಯೇ ಅದು ಎಚ್ಚರಗೊಳ್ಳಬಲ್ಲುದು; ಆದುದರಿಂದ ಹೊರೆ ಹೆಚ್ಚಿದಾಗ ವೇಗವು ಕೊಂಚ ತಗ್ಗಿಯೇ ನಿಲ್ಲುತ್ತದೆ. ಈ ಇಳಿತವನ್ನು ನಿವಾರಿಸಲೆಂದು ಅದನ್ನು ಅತಿ ಚುರುಕಾಗಿಸಿದರೆ ಇನ್ನೊಂದು ತೊಡಕು. ಅದು ಥ್ರಾಟಲನ್ನು ಬೇಕಾದುದಕ್ಕಿಂತ ಹೆಚ್ಚು ಮುಚ್ಚುವುದು. ವೇಗ ಕುಸಿಯಿತೆಂದು ಮತ್ತೆ ಹೆಚ್ಚು ತೆರೆಯುವುದು. ಎಂಜಿನು ಏದುಸಿರು ಬಿಟ್ಟಂತೆ ಏರಿಳಿಯತೊಡಗುವುದು. ಯಾವ ಗವರ್ನರು ನೆಲೆನಿಲ್ಲುವುದು, ಯಾವುದು ಹೊಯ್ದಾಡುವುದು ಎಂಬುದನ್ನು ೧೮೬೮ರಲ್ಲಿ ಗಣಿತದಿಂದ ವಿವೇಚಿಸಿದವನು ವಿದ್ಯುತ್ಕಾಂತ ಸಿದ್ಧಾಂತದ ಕರ್ತೃವಾದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಇಂದು ನಿಯಂತ್ರಣ ವಿಜ್ಞಾನವೆಂದು ಹೆಸರಾದ ಶಾಸ್ತ್ರದ ಆದಿಲೇಖನಗಳಲ್ಲಿ ಅವನ ಆ ಪ್ರಬಂಧವೂ ಒಂದು.

ಕಿಡಿಯನ್ನೇ ತಡೆಯುವ ಉಪಾಯ

ಈಚಿನ ಅನೇಕ ಚಿಕ್ಕ ವಾಹನಗಳಲ್ಲಿ ಸುತ್ತುವ ತೂಕಗಳಿಲ್ಲ. ಆ ಕೆಲಸವನ್ನು ಎಲೆಕ್ಟ್ರಾನಿಕ್ ಸಾಧನಕ್ಕೆ ಒಪ್ಪಿಸಿದ್ದಾರೆ. ಕಿಡಿಯನ್ನು ಹುಟ್ಟಿಸುವ ಮಂಡಲಕ್ಕೆ ಎಂಜಿನಿನ ಪ್ರತಿಯೊಂದು ಸುತ್ತಿನಲ್ಲಿಯೂ ಒಂದು ಸಂಜ್ಞೆ ಬರುತ್ತದೆ. ಎರಡು ಸಂಜ್ಞೆಗಳ ನಡುವಣ ಕಾಲವನ್ನು ಅಳೆದರೆ ವೇಗವು ತಿಳಿಯುತ್ತದೆ. ಆ ಕಾಲವು ಗೊತ್ತಾದ ಮಿತಿಗಿಂತ ಕಿರಿದಾದೊಡನೆ ಮಂಡಲವು ಕೆಲವು ಕಿಡಿಗಳನ್ನು ತಡೆಹಿಡಿಯುತ್ತದೆ. ಕಿಡಿಯಿಲ್ಲದೆ ಬಲವಿಲ್ಲ, ಬಲವಿಲ್ಲದೆ ವೇಗವು ಇಳಿಯುತ್ತದೆ. ಮಿತಿಯ ಬಳಿ ಎಂಜಿನು ತೊದಲಿದಂತೆ ಪಟಪಟ ಸದ್ದು ಮಾಡುವುದು ಇದರಿಂದಲೇ.

ಗವರ್ನರು ಹಗ್ಗವನ್ನು ಮೆಲ್ಲಗೆ ಬಿಗಿಯುವ ಸವಾರನಂತೆ. ಈ ಸಾಧನವು ದಾರಿಗೆ ಅಡ್ಡ ನಿಂತ ಗೋಡೆಯಂತೆ. ಮಿತಿಯು ಬರುವವರೆಗೂ ಇದು ಸುಮ್ಮನಿರುತ್ತದೆ; ಬಂದಾಗ ಒಮ್ಮೆಲೇ ಬಲವನ್ನು ಕಡಿಯುತ್ತದೆ. ಕಿಡಿಯನ್ನು ಮಾತ್ರ ತಡೆದರೆ ಉರಿಯದ ಪೆಟ್ರೋಲ್ ಆವಿ ಹೊರಗಿನ ಬಿಸಿ ಕೊಳವೆಯನ್ನು ಸೇರಿ ಅಲ್ಲಿ ಹತ್ತಿಕೊಳ್ಳಬಹುದು. ಪೆಟ್ರೋಲನ್ನು ಸೂಜಿಬಾಯಿಂದ ಚಿಮ್ಮಿಸುವ ಎಂಜಿನುಗಳಲ್ಲಿ ಕಿಡಿಯ ಬದಲು ಪೆಟ್ರೋಲನ್ನೇ ನಿಲ್ಲಿಸುವುದರಿಂದ ಈ ತೊಂದರೆಯಿಲ್ಲ.

ಚಕ್ರಗಳೇ ಎಂಜಿನನ್ನು ತಿರುಗಿಸಿದಾಗ

ಇದುವರೆಗೆ ಹೇಳಿದ ಉಪಾಯಗಳೆಲ್ಲವೂ ಒಂದೇ ಮಾರ್ಗವನ್ನು ಹಿಡಿದಿವೆ: ಎಂಜಿನಿಗೆ ಸಿಗುವ ಬಲವನ್ನು ತಗ್ಗಿಸುವುದು. ಆದರೆ ಎಂಜಿನನ್ನು ತಿರುಗಿಸುತ್ತಿರುವುದು ಪೆಟ್ರೋಲೇ ಅಲ್ಲದಿದ್ದರೆ?

ಎರಡನೆಯ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪು ಇದಕ್ಕೆ ಒಳ್ಳೆಯ ನಿದರ್ಶನ. ನಾಲ್ಕು ಸಿಲಿಂಡರುಗಳ ಅದರ ಎಂಜಿನು ನಿಮಿಷಕ್ಕೆ ೪೦೦೦ ಸುತ್ತಿನಲ್ಲಿ ೬೦ ಅಶ್ವಶಕ್ತಿಯನ್ನು ಕೊಡುತ್ತಿತ್ತು. ಕಡಿದಾದ ಏರುಗಳಿಗಾಗಿ ಅದರಲ್ಲಿ ಸಾಮಾನ್ಯ ಗೇರುಗಳಲ್ಲದೆ, ಅವೆಲ್ಲವನ್ನೂ ಇನ್ನಷ್ಟು ನಿಧಾನಗೊಳಿಸುವ ಕೆಳಗೇರು ಬೇರೆ ಇತ್ತು. ಕೆಳಗೇರಿನ ಮೊದಲನೆಯ ಗೇರಿನಲ್ಲಿ ಚಕ್ರವು ಒಂದು ಸುತ್ತು ಸುತ್ತಬೇಕಾದರೆ ಎಂಜಿನು ೨೫ ಸುತ್ತಿಗೂ ಮಿಕ್ಕಿ ಸುತ್ತಬೇಕಾಗಿತ್ತು. ಏರು ಹತ್ತುವಾಗ ಇದು ವರ. ಇಳಿಯುವಾಗಲೋ, ಚಕ್ರದ ಒಂದು ಸುತ್ತು ಎಂಜಿನನ್ನು ಅಷ್ಟೇ ಸಲ ಬಲವಂತವಾಗಿ ಸುತ್ತಿಸುತ್ತದೆ!

ಅದಕ್ಕಾಗಿಯೇ ಜೀಪಿನ ಚಾಲಕನ ಮುಂದೆ ಎಚ್ಚರಿಕೆಯ ಲೋಹದ ಫಲಕವೊಂದನ್ನು ಜಡಿದಿದ್ದರು. ಯಾವ ಗೇರಿನಲ್ಲಿ ಎಷ್ಟು ವೇಗವನ್ನು ಮೀರಬಾರದೆಂದು ಅದರಲ್ಲಿ ಕೊರೆದಿತ್ತು. ಸಾಮಾನ್ಯ ಗೇರುಗಳ ಪೈಕಿ ಮೂರನೆಯದರಲ್ಲಿ ಗಂಟೆಗೆ ೬೫ ಮೈಲಿ, ಎರಡನೆಯದರಲ್ಲಿ ೪೧, ಮೊದಲನೆಯದರಲ್ಲಿ ೨೪. ಕೆಳಗೇರು ಹಾಕಿದಾಗ ಕ್ರಮವಾಗಿ ೩೩, ೨೧, ೧೨ ಮೈಲಿ. ಈ ಅಂಕಿಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರಿದರೂ, ಲೆಕ್ಕ ಮಾಡಿದರೆ ಇವೆಲ್ಲವೂ ಎಂಜಿನಿನ ಸುಮಾರು ಒಂದೇ ವೇಗವನ್ನು, ಎಂದರೆ ನಿಮಿಷಕ್ಕೆ ೩೬೦೦ರಿಂದ ೩೮೦೦ ಸುತ್ತನ್ನು ಸೂಚಿಸುತ್ತವೆ. ಚಾಲಕನು ಎಂಜಿನಿನ ಸುತ್ತುಗಳನ್ನು ಎಣಿಸಲಾರನು. ರಸ್ತೆಯ ವೇಗವನ್ನು ನೋಡಬಲ್ಲನು. ಆ ಫಲಕವು ಒಂದನ್ನು ಇನ್ನೊಂದಕ್ಕೆ ತರ್ಜುಮೆ ಮಾಡಿಕೊಡುತ್ತಿತ್ತು.

ಕೆಳಗೇರಿನ ಮೊದಲನೆಯ ಗೇರಿನಲ್ಲಿರುವ ಜೀಪು ಇಳಿಜಾರಿನಲ್ಲಿ ಗಂಟೆಗೆ ೪೦ ಕಿಲೋಮೀಟರ್, ಅಂದರೆ ೨೫ ಮೈಲಿ ವೇಗವನ್ನು ಮುಟ್ಟಿತೆನ್ನೋಣ. ಎಂಜಿನು ನಿಮಿಷಕ್ಕೆ ಸುಮಾರು ೭೫೦೦ ಸುತ್ತು ತಿರುಗಲೇಬೇಕಾಗುತ್ತದೆ. ಥ್ರಾಟಲನ್ನು ಪೂರ್ತಿ ಮುಚ್ಚಿ, ಕಿಡಿಯನ್ನೂ ನಿಲ್ಲಿಸಿದರೂ ವ್ಯತ್ಯಾಸವಿಲ್ಲ. ಏಕೆಂದರೆ ಅದನ್ನು ತಿರುಗಿಸುತ್ತಿರುವುದು ಇಳಿಯುತ್ತಿರುವ ಜೀಪಿನ ಭಾರ. ವೇಗವಾಗಿ ಓಡುವಾಗ ಮೇಲಿನ ಗೇರಿನಿಂದ ತಪ್ಪಿ ತೀರ ಕೆಳಗಿನ ಗೇರಿಗೆ ಹಾಕಿ ಕ್ಲಚ್ಚನ್ನು ಬಿಟ್ಟರೂ ಇದೇ ಗತಿ. ಇಲ್ಲಿ ಗವರ್ನರೂ ಎಲೆಕ್ಟ್ರಾನಿಕ್ ಸಾಧನವೂ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಆದುದರಿಂದ ಇಳಿಜಾರಿನ ರಕ್ಷಣೆ ಚಾಲಕನ ಕೈಯಲ್ಲಿಯೇ ಇದೆ. ತಕ್ಕ ಗೇರನ್ನು ಇಳಿಜಾರಿನ ತಲೆಯಲ್ಲಿಯೇ, ವಾಹನವು ನಿಧಾನವಾಗಿರುವಾಗಲೇ ಹಾಕಿಕೊಳ್ಳಬೇಕು. ಎಂಜಿನಿನ ತಡೆಯೊಂದನ್ನೇ ನೆಚ್ಚದೆ, ವೇಗವು ಆ ಗೇರಿನ ಮಿತಿಗೆ ಏರದಂತೆ ಬ್ರೇಕನ್ನೂ ಬಳಸಬೇಕು. ನಮ್ಮ ದೇಶದಲ್ಲಿ ಮಹೀಂದ್ರ ಸಂಸ್ಥೆಯು ೧೯೪೦ರ ದಶಕದ ಕೊನೆಯಲ್ಲಿ ಜೀಪುಗಳನ್ನು ಜೋಡಿಸತೊಡಗಿದ ಮೇಲೆ, ಮಲೆನಾಡಿನ ತೋಟದ ದಾರಿಗಳಲ್ಲಿ ಜೀಪು ಓಡಿಸಿದವರಿಗೆ ಈ ಪಾಠವು ಪುಸ್ತಕದಿಂದ ಬಂದುದಲ್ಲ, ಇಳಿಜಾರಿನಿಂದಲೇ ಬಂದುದು.

ಕಡಿವಾಣವನ್ನು ಕಳಚುವ ಆಸೆ

ವಿದ್ಯಾರ್ಥಿಗಳಿಗೆ ಈ ವಿಷಯವು ದೂರದ್ದಲ್ಲ. ರಸ್ತೆಯಿಲ್ಲದ ನೆಲದಲ್ಲಿ ಓಡುವ ಒಂಟಿ ಆಸನದ ಚಿಕ್ಕ ವಾಹನವನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ರೂಪಿಸಿ, ಕಟ್ಟಿ, ಓಡಿಸುವ ಬಾಹಾ ಎಂಬ ಸ್ಪರ್ಧೆಯು ಅಮೆರಿಕದ ದಕ್ಷಿಣ ಕ್ಯಾರೊಲಿನಾ ವಿಶ್ವವಿದ್ಯಾನಿಲಯದಲ್ಲಿ ೧೯೭೬ರಲ್ಲಿ ಮೊದಲಾಯಿತು. ಭಾರತದಲ್ಲಿ ಇದೇ ಮಾದರಿಯ ಸ್ಪರ್ಧೆಯು ೨೦೦೭ರಲ್ಲಿ ಮಧ್ಯಪ್ರದೇಶದ ಪೀಥಂಪುರದಲ್ಲಿ ಆರಂಭವಾಯಿತು. ಕರ್ಣಾಟಕದ ಕಾಲೇಜುಗಳ ತಂಡಗಳೂ ಇದರಲ್ಲಿ ಭಾಗವಹಿಸಿವೆ. ಎಲ್ಲ ತಂಡಗಳಿಗೂ ಒಂದೇ ಬಗೆಯ ಎಂಜಿನು ಎಂಬುದು ಅಮೆರಿಕದ ಸ್ಪರ್ಧೆಯ ಕಟ್ಟುಪಾಡು. ಬಹುಕಾಲ ಅಲ್ಲಿ ಬಳಕೆಯಲ್ಲಿದ್ದುದು ಬ್ರಿಗ್ಸ್ ಅಂಡ್ ಸ್ಟ್ರಾಟನ್ ಸಂಸ್ಥೆಯ ೧೦ ಅಶ್ವಶಕ್ತಿಯ, ೩೦೫ ಘನ ಸೆಂಟಿಮೀಟರಿನ ಎಂಜಿನು. ಅದರ ಗವರ್ನರು ೩೮೦೦ ಸುತ್ತನ್ನು ಮೀರಗೊಡದಂತೆ ಹೊಂದಿಸಿದ್ದು, ಪರೀಕ್ಷಕರು ಅದಕ್ಕೆ ಮುದ್ರೆ ಹಾಕುತ್ತಿದ್ದರು.

ಗವರ್ನರನ್ನು ಕಳಚಿ ಬಿಸುಟರೆ ವಾಹನವು ಇನ್ನಷ್ಟು ವೇಗವಾಗಿ ಓಡದೆ ಎಂಬ ಆಸೆ ಯುವಕರಲ್ಲಿ ಹುಟ್ಟುವುದು ಸಹಜ. ಸ್ಪರ್ಧೆಯ ಹೊರಗೆ, ಮನೆಯಲ್ಲಿ ಆಟದ ಬಂಡಿಗಳನ್ನು ಕಟ್ಟುವವರು ಹೀಗೆ ಮಾಡುವುದೂ ಉಂಟು. ಆದರೆ ಈ ಎಂಜಿನಿನ ಕವಾಟ, ಕಾರ್ಬುರೇಟರು, ಗಾಳಿಯ ದಾರಿ ಎಲ್ಲವೂ ೩೬೦೦ರ ಸುತ್ತಮುತ್ತಲಿನ ವೇಗಕ್ಕೆಂದೇ ಅಳತೆಗೊಂಡವು. ವೇಗವು ಅದನ್ನು ಮೀರಿದಂತೆ ಸಿಲಿಂಡರು ಪೂರ್ತಿಯಾಗಿ ಉಸಿರೆಳೆದುಕೊಳ್ಳಲಾರದೆ ಪ್ರತಿಯೊಂದು ಹೊಡೆತದ ಬಲವೂ ಕುಗ್ಗುತ್ತದೆ. ಗಳಿಸುವ ಶಕ್ತಿ ಅಲ್ಪ. ರಾಡಿನ ಮೇಲೆ ಬೀಳುವ ಹೊರೆಯೋ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. ಆದುದರಿಂದಲೇ ಜಾಣ ತಂಡಗಳು ಎಂಜಿನನ್ನು ಕೆಣಕುವುದಿಲ್ಲ. ಅದರ ಒಳ್ಳೆಯ ವೇಗವು ಏರಿನಲ್ಲಿಯೂ ಬಯಲಿನಲ್ಲಿಯೂ ಉಪಯೋಗಕ್ಕೆ ಬರುವಂತೆ ಗೇರುಗಳ ಪ್ರಮಾಣವನ್ನು ಆರಿಸುತ್ತವೆ, ವಾಹನದ ತೂಕವನ್ನು ಇಳಿಸುತ್ತವೆ. ಅತಿವೇಗದಲ್ಲಿ ಓಡಿಸಲೇಬೇಕೆಂದರೆ ರಾಡು, ಫ್ಲೈವೀಲು, ಕವಾಟದ ಸ್ಪ್ರಿಂಗು ಎಲ್ಲವನ್ನೂ ಆ ವೇಗಕ್ಕೆಂದೇ ಮಾಡಿದವುಗಳಿಂದ ಬದಲಿಸಬೇಕು. ಆಗ ಅದು ಬೇರೆಯೇ ಎಂಜಿನಾಗುತ್ತದೆ.

ಇದ್ದ ಗವರ್ನರನ್ನು ಸರಿಯಾಗಿ ಇಟ್ಟುಕೊಳ್ಳುವುದೂ ಒಂದು ವಿದ್ಯೆ. ಎಂಜಿನನ್ನು ಬಿಚ್ಚಿ ಜೋಡಿಸಿದಾಗ ಗವರ್ನರಿನ ತೋಳನ್ನು ತಯಾರಕರ ಕೈಪಿಡಿಯಲ್ಲಿ ಹೇಳಿದಂತೆಯೇ ಮತ್ತೆ ಹೊಂದಿಸಬೇಕು. ತಪ್ಪಾಗಿ ಬಿಗಿದರೆ ತೂಕಗಳು ಎಷ್ಟು ತಳ್ಳಿದರೂ ಥ್ರಾಟಲು ಅಲುಗದಿರಬಹುದು. ಕಡ್ಡಿಗಳಿಗೆ ಕೆಸರು ಮೆತ್ತಿ ಒಣಗಿದರೂ ಇದೇ ಫಲ. ಸ್ಪ್ರಿಂಗು ಸಡಿಲವಾಯಿತೆಂದು ಕೈಗೆ ಸಿಕ್ಕ ಬೇರೊಂದನ್ನು ತೊಡಿಸುವುದು ಸಲ್ಲದು. ಸ್ಪ್ರಿಂಗಿನ ಬಿಗಿತವೇ ವೇಗದ ಮಿತಿಯೆಂಬುದನ್ನು ಮೇಲೆ ನೋಡಿದೆವಷ್ಟೆ. ಜೋಡಣೆಯಾದ ಮೇಲೆ ಕಿವಿಯನ್ನು ನಂಬದೆ, ಸುತ್ತುಗಳನ್ನು ಅಳೆಯುವ ಮಾಪಕದಿಂದ ಗರಿಷ್ಠ ವೇಗವನ್ನು ಪರೀಕ್ಷಿಸಬೇಕು. ಇಷ್ಟಾದರೂ ಗವರ್ನರಿನ ಕಡ್ಡಿ ಕಳಚಿದರೆ ಎಂಜಿನು ಅಂಕೆ ತಪ್ಪುವುದು ಸಾಧ್ಯ. ಆಗ ಕಿಡಿಯನ್ನು ಕಡಿದು ಎಂಜಿನನ್ನು ನಿಲ್ಲಿಸುವ ಗುಂಡಿಯೊಂದೇ ದಿಕ್ಕು. ಬಾಹಾ ವಾಹನಗಳಲ್ಲಿ ಅಂತಹ ಗುಂಡಿಗಳು ಎರಡಿರಬೇಕು: ಒಂದು ಚಾಲಕನ ಕೈಗೆಟುಕುವಂತೆ, ಇನ್ನೊಂದು ಹೊರಗೆ ನಿಂತವರಿಗೆ ಎಟುಕುವಂತೆ. ವಾಹನವನ್ನು ಮೊದಲ ಸಲ ನೆಲಕ್ಕಿಳಿಸುವ ಮುನ್ನ ಆ ಎರಡನ್ನೂ ಒತ್ತಿ ನೋಡಿ, ಎಂಜಿನು ನಿಲ್ಲುವುದನ್ನು ಕಣ್ಣಾರೆ ಕಂಡೇ ಮುಂದುವರಿಯತಕ್ಕದ್ದು.